ಅತಿ ಥೈರಾಯ್ಡ್: ಮಾತ್ರೆ, ಅಯೋಡಿನ್, ಶಸ್ತ್ರಚಿಕಿತ್ಸೆಗಳ ನಡುವಿನ ಆಯ್ಕೆ

ಕುತ್ತಿಗೆಯ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ತುಸು ಕೆಳಗೆ, ಶ್ವಾಸನಾಳಕ್ಕೆ ಆತುಕೊಂಡಿರುವ ಥೈರಾಯ್ಡ್ ಗ್ರಂಥಿಯ ತೂಕ ವಯಸ್ಕರಲ್ಲಿ 15ರಿಂದ 25 ಗ್ರಾಂ. ಅದು ರಕ್ತಕ್ಕೆ ಬಿಡುವ ಟಿ4 ಮತ್ತು ಟಿ3 ಎಂಬ ಎರಡು ಹಾರ್ಮೋನುಗಳು ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳ ಕೆಲಸದ ವೇಗವನ್ನು ನಿರ್ಧರಿಸುತ್ತವೆ. ಇವು ಬೇಕಾದ್ದಕ್ಕಿಂತ ಹೆಚ್ಚಾದಾಗ ದೇಹ ಬಿಡುವಿಲ್ಲದೆ ದುಡಿಯತೊಡಗುತ್ತದೆ. ಚೆನ್ನಾಗಿ ಉಂಡರೂ ತೂಕ ಇಳಿಯುತ್ತದೆ, ಕೂತಲ್ಲೇ ಎದೆ ಹೊಡೆದುಕೊಳ್ಳುತ್ತದೆ, ಚಾಚಿದ ಬೆರಳುಗಳು ನಡುಗುತ್ತವೆ. ಉಳಿದವರಿಗೆ ಚಳಿಯಾಗುವಾಗಲೂ ಸೆಕೆ, ಬೆವರು. ನಿದ್ದೆ ಕೆಡುತ್ತದೆ, ಸಣ್ಣ ಮಾತಿಗೂ ಸಿಟ್ಟು ನೆತ್ತಿಗೇರುತ್ತದೆ, ದಿನಕ್ಕೆ ಮೂರು ನಾಲ್ಕು ಸಲ ಮಲವಿಸರ್ಜನೆಯಾಗುತ್ತದೆ, ಹೆಂಗಸರಲ್ಲಿ ಮುಟ್ಟು ಕಡಿಮೆಯಾಗುತ್ತದೆ. ವಯಸ್ಸಾದವರಲ್ಲಿ ಇಷ್ಟೆಲ್ಲ ಕಾಣಿಸದೆ ಬರೀ ನಿಶ್ಶಕ್ತಿ ಇರಬಹುದು, ಇಲ್ಲವೇ ಹೃದಯದ ಬಡಿತ ತಾಳ ತಪ್ಪಬಹುದು. ಏಷ್ಯಾದ ಯುವಕರಲ್ಲಿ ಅಪರೂಪಕ್ಕೆ ಇನ್ನೊಂದು ರೂಪವೂ ಉಂಟು: ರಾತ್ರಿ ಭರ್ಜರಿ ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲು ಹೋದರೆ ಕಾಲುಗಳಲ್ಲಿ ಬಲವೇ ಇರುವುದಿಲ್ಲ. ರಕ್ತದ ಪೊಟ್ಯಾಸಿಯಂ ಕುಸಿದು ಬರುವ ಈ ತಾತ್ಕಾಲಿಕ ಪಾರ್ಶ್ವವಾಯುವಿನ ಹಿಂದೆಯೂ ಥೈರಾಯ್ಡ್ ಇರಬಹುದು.

ಈ ಕಾಯಿಲೆಗೆ ಮೂರು ಚಿಕಿತ್ಸೆಗಳಿವೆ: ಹಾರ್ಮೋನ್ ತಯಾರಿಕೆಯನ್ನು ತಡೆಯುವ ಮಾತ್ರೆ, ಗ್ರಂಥಿಯನ್ನು ಒಳಗಿನಿಂದಲೇ ಕುಗ್ಗಿಸುವ ವಿಕಿರಣಶೀಲ ಅಯೋಡಿನ್, ಗ್ರಂಥಿಯನ್ನೇ ತೆಗೆಯುವ ಶಸ್ತ್ರಚಿಕಿತ್ಸೆ. ಶಸ್ತ್ರಚಿಕಿತ್ಸೆ ಹತ್ತೊಂಬತ್ತನೆಯ ಶತಮಾನದ್ದು, ಉಳಿದೆರಡೂ 1940ರ ದಶಕದವು. ಮೂರಕ್ಕೂ ದೀರ್ಘ ಅನುಭವದ ಬೆಂಬಲವಿದೆ. ಆದರೂ ಇವುಗಳಲ್ಲಿ ಯಾವುದು ಉತ್ತಮ ಎಂಬ ಪ್ರಶ್ನೆಗೆ ವೈದ್ಯಲೋಕ ಒಂದೇ ಉತ್ತರ ಕೊಟ್ಟಿಲ್ಲ. 1991ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಒಬ್ಬಳೇ ಕಾಲ್ಪನಿಕ ರೋಗಿಯ ವಿವರವನ್ನು ಹಲವು ದೇಶಗಳ ತಜ್ಞರ ಮುಂದಿಟ್ಟಾಗ, ಅಮೆರಿಕದವರಲ್ಲಿ ಶೇ 69ರಷ್ಟು ಮಂದಿ ಮೊದಲಿಗೆ ವಿಕಿರಣಶೀಲ ಅಯೋಡಿನ್ ಎಂದರು. ಯುರೋಪಿನಲ್ಲಿ ಹಾಗೆಂದವರು ಶೇ 22, ಜಪಾನಿನಲ್ಲಿ ಶೇ 11. ರೋಗ ಒಂದೇ ಆಗಿದ್ದರೂ ಉತ್ತರ ಬದಲಾದದ್ದು ರೂಢಿಯಿಂದ, ವಿಕಿರಣದ ಬಗೆಗಿನ ಭಾವನೆಯಿಂದ. ಹಾಗಾಗಿ ಈ ಆಯ್ಕೆಯಲ್ಲಿ ರೋಗಿಯ ಬದುಕಿನ ಲೆಕ್ಕಾಚಾರಕ್ಕೆ ನ್ಯಾಯವಾದ ಜಾಗವಿದೆ. ವೈದ್ಯರು ಹೇಳಿದ್ದಕ್ಕೆ ತಲೆಯಾಡಿಸಿ ಬರುವುದಷ್ಟೇ ರೋಗಿಯ ಪಾಲಿನ ಕೆಲಸವಲ್ಲ.

ಲೆಕ್ಕಾಚಾರಕ್ಕೆ ಮೊದಲು ಹಾರ್ಮೋನ್ ಏಕೆ ಹೆಚ್ಚಾಗಿದೆ ಎಂಬುದು ಗೊತ್ತಾಗಬೇಕು. ಲ್ಯಾಬ್ ವರದಿ ಓದುವಲ್ಲೇ ಹಲವರು ಎಡವುತ್ತಾರೆ. ಟಿಎಸ್‌ಎಚ್ ಎಂಬುದು ಥೈರಾಯ್ಡ್ ಹಾರ್ಮೋನ್ ಅಲ್ಲ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ಆದೇಶ. ಥೈರಾಯ್ಡ್ ಹಾರ್ಮೋನ್ ಹೆಚ್ಚಾದಾಗ ಈ ಆದೇಶ ನಿಂತುಹೋಗುತ್ತದೆ. ಆದ್ದರಿಂದ ಟಿಎಸ್‌ಎಚ್ ಸುಮಾರು 0.4ಕ್ಕಿಂತ ಕೆಳಗಿಳಿದಿದ್ದರೆ ಥೈರಾಯ್ಡ್ ಕಡಿಮೆ ಎಂದಲ್ಲ, ಬಹುತೇಕ ಹೆಚ್ಚು ಎಂದರ್ಥ. ಕೂದಲಿಗೆ, ಉಗುರಿಗೆ ಒಳ್ಳೆಯದೆಂದು ನುಂಗುವ ಬಯೋಟಿನ್ ಮಾತ್ರೆ ಕೆಲವು ಪರೀಕ್ಷಾ ವಿಧಾನಗಳಲ್ಲಿ ಸುಳ್ಳು ಅಂಕಿ ತೋರಿಸುತ್ತದೆ. ರಕ್ತ ಕೊಡುವ ಕನಿಷ್ಠ ಎರಡು ದಿನ ಮೊದಲು ಅದನ್ನು ನಿಲ್ಲಿಸಬೇಕು.

ಕಾರಣಗಳಲ್ಲಿ ಮೊದಲನೆಯದು ಗ್ರೇವ್ಸ್ ಕಾಯಿಲೆ. ಡಬ್ಲಿನ್ನಿನ ವೈದ್ಯ ರಾಬರ್ಟ್ ಗ್ರೇವ್ಸ್ 1835ರಲ್ಲಿ ಇದನ್ನು ವಿವರಿಸಿದರು. 1840ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಬಾಸೆಡೋ ಇದನ್ನೇ ಬೇರೆಯಾಗಿ ಗುರುತಿಸಿದ್ದರಿಂದ ಯುರೋಪಿನ ಹಲವೆಡೆ ಅದು ಇಂದಿಗೂ ಬಾಸೆಡೋ ಕಾಯಿಲೆ. ಇದರಲ್ಲಿ ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ, ಟಿಎಸ್‌ಎಚ್‌ನಂತೆಯೇ ವರ್ತಿಸುವ ಪ್ರತಿಕಾಯಗಳನ್ನು ತಯಾರಿಸುತ್ತದೆ. ಆದೇಶವಿಲ್ಲದಿದ್ದರೂ ಗ್ರಂಥಿ ದುಡಿಯುತ್ತಲೇ ಇರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹಲವು ಪಟ್ಟು ಹೆಚ್ಚು. ಎರಡನೆಯ ಕಾರಣ, ಗ್ರಂಥಿಯಲ್ಲಿ ಬೆಳೆದ ಒಂದೋ ಹಲವೋ ಗಂಟುಗಳು ಸ್ವತಂತ್ರವಾಗಿ ಹಾರ್ಮೋನ್ ಸುರಿಸುವುದು. ಅಯೋಡಿನ್ ಕೊರತೆಯಿಂದ ಗಳಗಂಡ ಹೆಚ್ಚಿದ್ದ ಪ್ರದೇಶಗಳಲ್ಲಿ ಈ ಬಗೆ ಸಾಮಾನ್ಯ; ಕರ್ನಾಟಕದಲ್ಲಿ ಚಿಕ್ಕಮಗಳೂರು, ಕೊಡಗಿನಂಥ ಮಲೆನಾಡಿನ ಜಿಲ್ಲೆಗಳು ಗಳಗಂಡಕ್ಕೆ ಹೆಸರಾಗಿದ್ದವು. ಮೂರನೆಯದು ಥೈರಾಯ್ಡಿನ ಉರಿಯೂತ. ಜ್ವರ-ಶೀತದ ನಂತರವೋ ಹೆರಿಗೆಯಾದ ಕೆಲವು ತಿಂಗಳಲ್ಲೋ ಗ್ರಂಥಿ ಊದಿಕೊಂಡು, ಒಳಗೆ ಕೂಡಿಟ್ಟ ಹಾರ್ಮೋನ್ ಒಮ್ಮೆಲೇ ಸೋರುತ್ತದೆ. ಇಲ್ಲಿ ತಯಾರಿಕೆ ಹೆಚ್ಚಾಗಿಲ್ಲದ್ದರಿಂದ ತಯಾರಿಕೆ ತಡೆಯುವ ಮಾತ್ರೆಗೆ ಕೆಲಸವಿಲ್ಲ. ಬಹುತೇಕರಲ್ಲಿ ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ಈ ಹಂತ ತಾನೇ ಕಳೆಯುತ್ತದೆ. ಇಂಥವರಿಗೆ ವರ್ಷಗಟ್ಟಲೆ ಔಷಧ ಕೊಟ್ಟರೆ ಅದು ಶುದ್ಧ ಅನ್ಯಾಯ. ತೂಕ ಇಳಿಸಲೆಂದು ತಾವಾಗಿಯೇ ಥೈರಾಯ್ಡ್ ಮಾತ್ರೆ ನುಂಗಿದವರಲ್ಲೂ, ಅಶ್ವಗಂಧದ ಪುಡಿ, ಮಾತ್ರೆ ಸೇವಿಸಿದ ಕೆಲವರಲ್ಲೂ ಹಾರ್ಮೋನ್ ಏರಿದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಏನೇನು ಸೇವಿಸುತ್ತಿದ್ದೇವೆ ಎಂಬುದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು.

ಮೊದಲ ಮೂರು ಕಾರಣಗಳನ್ನು ಬೇರ್ಪಡಿಸುವ ಪರೀಕ್ಷೆಗಳು ಕಷ್ಟದವಲ್ಲ. ಗ್ರೇವ್ಸ್ ಪ್ರತಿಕಾಯವನ್ನು ರಕ್ತದಲ್ಲಿ ಅಳೆಯಬಹುದು. ಥೈರಾಯ್ಡ್ ಸ್ಕ್ಯಾನಿನಲ್ಲಿ ಗ್ರೇವ್ಸ್ ಇದ್ದರೆ ಇಡೀ ಗ್ರಂಥಿ ಒಂದೇ ಸಮನೆ ಕಪ್ಪಾಗಿ ಮೂಡುತ್ತದೆ, ಗಂಟಿದ್ದರೆ ಗಂಟಷ್ಟೇ ಎದ್ದು ಕಾಣುತ್ತದೆ, ಉರಿಯೂತವಿದ್ದರೆ ಚಿತ್ರವೇ ಮಸುಕು. ಗರ್ಭಿಣಿಯರಿಗೆ ಸ್ಕ್ಯಾನ್ ಮಾಡುವಂತಿಲ್ಲ. ಕಾರಣ ಯಾವುದೇ ಇರಲಿ, ಎದೆಬಡಿತ ಮತ್ತು ನಡುಕವನ್ನು ಪ್ರೊಪ್ರನಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ಒಂದೆರಡು ದಿನದಲ್ಲೇ ಹದಕ್ಕೆ ತರುತ್ತದೆ. ಆಸ್ತಮಾ ಇರುವವರು ಇದನ್ನು ಮೊದಲೇ ತಿಳಿಸಬೇಕು, ಪ್ರೊಪ್ರನಲಾಲ್ ಅವರ ಉಸಿರಾಟಕ್ಕೆ ತೊಂದರೆ ಮಾಡಬಲ್ಲದು.

ಭಾರತದಲ್ಲಿ ಗ್ರೇವ್ಸ್ ಕಾಯಿಲೆಗೆ ಸಾಮಾನ್ಯವಾಗಿ ಮೊದಲು ಬರೆಯುವುದು ಕಾರ್ಬಿಮಜೋಲ್ ಅಥವಾ ಮೆಥಿಮಜೋಲ್. ಕಾರ್ಬಿಮಜೋಲ್ ದೇಹದೊಳಗೆ ಮೆಥಿಮಜೋಲ್ ಆಗಿಯೇ ಬದಲಾಗುತ್ತದೆ. ಇದೇ ಗುಂಪಿನ ಇನ್ನೊಂದು ಔಷಧ ಪಿಟಿಯು. ಅಮೆರಿಕದ ಎಡ್ವಿನ್ ಆಸ್ಟ್‌ವುಡ್ 1943ರಲ್ಲಿ ಥಯೋಯೂರಿಯಾ ಮತ್ತು ಥಯೋಯುರಾಸಿಲ್‌ನಿಂದ ರೋಗಿಗಳು ಗುಣಮುಖರಾದ ವರದಿ ಪ್ರಕಟಿಸಿದ ಮೇಲೆ ಬೆಳೆದ ಔಷಧಗಳಿವು. ಗ್ರಂಥಿ ಅಯೋಡಿನ್ನನ್ನು ಹಾರ್ಮೋನಾಗಿ ಪರಿವರ್ತಿಸುವ ಹಂತವನ್ನೇ ಇವು ತಡೆಯುತ್ತವೆ. ಆದರೆ ಮೊದಲೇ ತಯಾರಾಗಿ ಗ್ರಂಥಿಯಲ್ಲಿ ಕೂತಿರುವ ಹಾರ್ಮೋನ್ ಖರ್ಚಾಗಲು ಸಮಯ ಬೇಕು. ಹಾಗಾಗಿ ಮೂರು ನಾಲ್ಕು ವಾರವಾದರೂ ಗುಣ ಕಾಣಲಿಲ್ಲವೆಂದು ಔಷಧ ಬಿಡುವುದು, ವೈದ್ಯರನ್ನು ಬದಲಿಸುವುದು ಎರಡೂ ಆತುರದ ಕೆಲಸ. ಕಾಯಿಲೆಯ ತೀವ್ರತೆ ನೋಡಿ ದಿನಕ್ಕೆ 15ರಿಂದ 40 ಮಿಲಿಗ್ರಾಂ ಕಾರ್ಬಿಮಜೋಲಿನಿಂದ ಶುರುಮಾಡಿ, ನಾಲ್ಕಾರು ವಾರಕ್ಕೊಮ್ಮೆ ರಕ್ತ ಪರೀಕ್ಷಿಸುತ್ತ, ಕೊನೆಗೆ 5-10 ಮಿಲಿಗ್ರಾಂಗೆ ಇಳಿಸುವುದು ವಾಡಿಕೆ. ಈ ಅವಧಿಯಲ್ಲಿ ಟಿ4, ಟಿ3 ಸರಿಹೋದ ಮೇಲೂ ಟಿಎಸ್‌ಎಚ್ ಹಲವು ತಿಂಗಳು ತಳದಲ್ಲೇ ಇರಬಹುದು. ಅದೊಂದನ್ನೇ ನೋಡಿ ಔಷಧ ಏರಿಸಿದರೆ ರೋಗಿ ಇನ್ನೊಂದು ತುದಿಗೆ, ಅಂದರೆ ಹಾರ್ಮೋನ್ ಕೊರತೆಗೆ ಜಾರುತ್ತಾರೆ.

ಮಾತ್ರೆಯ ದೊಡ್ಡ ಅನುಕೂಲವೆಂದರೆ ಗ್ರಂಥಿ ಉಳಿಯುತ್ತದೆ. 12ರಿಂದ 18 ತಿಂಗಳ ಚಿಕಿತ್ಸೆಯ ನಂತರ ಸರಿಸುಮಾರು ಅರ್ಧದಷ್ಟು ರೋಗಿಗಳಲ್ಲಿ ಕಾಯಿಲೆ ಶಮನವಾಗಿ ಔಷಧದ ಹಂಗಿಲ್ಲದ ಬದುಕು ಸಾಧ್ಯವಾಗುತ್ತದೆ. ಉಳಿದರ್ಧ ಜನರಿಗೆ ಅದು ಮರಳುತ್ತದೆ. ಯಾರು ಯಾವ ಅರ್ಧಕ್ಕೆ ಸೇರುತ್ತಾರೆ ಎಂಬುದನ್ನು ಸ್ವಲ್ಪಮಟ್ಟಿಗೆ ಊಹಿಸಬಹುದು. ಗ್ರಂಥಿ ಚಿಕ್ಕದಿದ್ದು, ಕಾಯಿಲೆ ಸೌಮ್ಯವಾಗಿದ್ದು, ಪ್ರತಿಕಾಯದ ಪ್ರಮಾಣ ಇಳಿದಿದ್ದರೆ ಭರವಸೆ ಹೆಚ್ಚು. ಗಳಗಂಡ ದೊಡ್ಡದಿದ್ದರೆ, ಧೂಮಪಾನವಿದ್ದರೆ, ಔಷಧ ನಿಲ್ಲಿಸುವ ಹೊತ್ತಿಗೂ ಪ್ರತಿಕಾಯ ಏರಿಯೇ ಇದ್ದರೆ ಭರವಸೆ ಕಡಿಮೆ. ನಿಲ್ಲಿಸುವ ಮುನ್ನ ಪ್ರತಿಕಾಯದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕೆಂದು ತಜ್ಞರು ಹೇಳುವುದು ಇದೇ ಕಾರಣಕ್ಕೆ. ಅದು ಏರಿದ್ದರೆ ಕಡಿಮೆ ಪ್ರಮಾಣದ ಮಾತ್ರೆಯನ್ನೇ ವರ್ಷಗಳ ಕಾಲ ಮುಂದುವರಿಸುವುದು ಈಗ ಒಪ್ಪಿತವಾದ ದಾರಿ. ಇರಾನಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 5ರಿಂದ 10 ವರ್ಷ ಮೆಥಿಮಜೋಲ್ ತೆಗೆದುಕೊಂಡವರಲ್ಲಿ ಕಾಯಿಲೆ ಮರಳಿದ್ದು ಸುಮಾರು ಶೇ 15 ಮಂದಿಗೆ. ಒಂದೂವರೆ ವರ್ಷಕ್ಕೇ ನಿಲ್ಲಿಸಿದವರಲ್ಲಿ ಅದು ಅರ್ಧಕ್ಕಿಂತ ಹೆಚ್ಚು.

ಮಾತ್ರೆಯ ಅಪಾಯ ಅಪರೂಪದ್ದು, ಆದರೆ ಅದರ ಬಗ್ಗೆ ಪ್ರತಿಯೊಬ್ಬ ರೋಗಿಗೂ ತಿಳಿದಿರಲೇಬೇಕು. ಸಾವಿರಕ್ಕೆ ಎರಡರಿಂದ ಐದು ಜನರಲ್ಲಿ, ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಹಠಾತ್ತನೆ ಕುಸಿಯುತ್ತವೆ. ಜ್ವರ, ತೀವ್ರ ಗಂಟಲುನೋವು, ಬಾಯಿಹುಣ್ಣು ಇದರ ಸೂಚನೆ. ಊರಲ್ಲಿ ಎಲ್ಲರಿಗೂ ವೈರಲ್ ಜ್ವರವಿದೆ ಎಂದು ಸುಮ್ಮನಿರದೆ ಅಂದೇ ಮಾತ್ರೆ ನಿಲ್ಲಿಸಿ, ಅಂದೇ ಬಿಳಿಕಣಗಳ ಎಣಿಕೆ ಮಾಡಿಸಬೇಕು. ಈ ಪರೀಕ್ಷೆ ತಾಲ್ಲೂಕು ಕೇಂದ್ರದ ಲ್ಯಾಬ್‌ನಲ್ಲೂ ಆಗುತ್ತದೆ. ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ಯಕೃತ್ತಿನ ತೊಂದರೆಯ ಶಂಕೆ. ಪಿಟಿಯುವಿನಿಂದ ಯಕೃತ್ತು ಗಂಭೀರವಾಗಿ ಕೆಡಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲಿ ಅತ್ಯುಚ್ಚ ಮಟ್ಟದ ಎಚ್ಚರಿಕೆ ಹೊರಡಿಸಿದ ಮೇಲೆ ಅದರ ಬಳಕೆ ವಿಶೇಷ ಸಂದರ್ಭಗಳಿಗೆ ಸೀಮಿತವಾಗಿದೆ. ತುರಿಕೆ, ದದ್ದು ಇವೆರಡು ಹೆಚ್ಚು ಸಾಮಾನ್ಯ, ಕಡಿಮೆ ಅಪಾಯದವು.

ಗಂಟುಗಳ ಕಾಯಿಲೆಗೆ ಮಾತ್ರೆಯ ಲೆಕ್ಕವೇ ಬೇರೆ. ಅದು ಹಾರ್ಮೋನನ್ನು ಹಿಡಿತದಲ್ಲಿಡುತ್ತದೆ, ಆದರೆ ಗಂಟು ಶಮನವಾಗುವುದಿಲ್ಲ. ಮಾತ್ರೆ ನಿಲ್ಲಿಸಿದರೆ ಸಮಸ್ಯೆ ಮರಳುವುದು ಖಚಿತ. ಆದ್ದರಿಂದ ಇಂಥವರಿಗೆ ಅಯೋಡಿನ್ ಅಥವಾ ಶಸ್ತ್ರಚಿಕಿತ್ಸೆಯೇ ಸರಿಯಾದ ದಾರಿ. ಅವೆರಡಕ್ಕೂ ದೇಹ ಒಗ್ಗದ ವೃದ್ಧರಿಗಷ್ಟೇ ದೀರ್ಘಕಾಲದ ಮಾತ್ರೆ.

ವಿಕಿರಣಶೀಲ ಅಯೋಡಿನ್ ಎಂದ ಕೂಡಲೇ ಹಲವರ ಕಣ್ಣ ಮುಂದೆ ಕ್ಯಾನ್ಸರ್ ಆಸ್ಪತ್ರೆ ಬರುತ್ತದೆ. ಆದರೆ ಇದರ ಬಳಕೆ ಶುರುವಾದದ್ದೇ ಥೈರಾಯ್ಡ್ ಅತಿಯಾದವರಿಗಾಗಿ. ಬಾಸ್ಟನ್ನಿನ ವೈದ್ಯ ಸಾಲ್ ಹರ್ಟ್ಜ್ 1936ರಲ್ಲಿ ಎಂಐಟಿಯ ವಿಜ್ಞಾನಿ ಕಾರ್ಲ್ ಕಾಂಪ್ಟನ್ನರ ಉಪನ್ಯಾಸ ಕೇಳಿ, ಅಯೋಡಿನ್ನನ್ನು ಕೃತಕವಾಗಿ ವಿಕಿರಣಶೀಲವಾಗಿಸಬಹುದೇ ಎಂದು ಕೇಳಿದರು. ಐದು ವರ್ಷದ ನಂತರ, 1941ರ ಮಾರ್ಚ್‌ನಲ್ಲಿ ಅವರೇ ಮೊದಲ ರೋಗಿಗೆ ಅದನ್ನು ಕೊಟ್ಟರು. ದೇಹದಲ್ಲಿ ಅಯೋಡಿನ್ನನ್ನು ಹೀರಿ ಕೂಡಿಡುವ ಮುಖ್ಯ ಅಂಗ ಥೈರಾಯ್ಡ್ ಎಂಬುದೇ ಈ ಚಿಕಿತ್ಸೆಯ ಆಧಾರ. ನುಂಗಿದ ಅಯೋಡಿನ್-131 ಗ್ರಂಥಿಯಲ್ಲಿ ನೆಲೆನಿಂತು ಬೀಟಾ ಕಣಗಳನ್ನು ಹೊರಸೂಸುತ್ತದೆ. ಅವು ಅಂಗಾಂಶದಲ್ಲಿ ಸಾಗುವ ದೂರ ಒಂದೆರಡು ಮಿಲಿಮೀಟರ್. ಅಷ್ಟರಲ್ಲಿರುವ ಥೈರಾಯ್ಡ್ ಕೋಶಗಳು ನಿಧಾನವಾಗಿ ನಾಶವಾಗುತ್ತವೆ. ಎಂಟು ದಿನಕ್ಕೊಮ್ಮೆ ಅದರ ವಿಕಿರಣ ಅರ್ಧಕ್ಕಿಳಿಯುತ್ತದೆ. ಭಾರತದ ಆಸ್ಪತ್ರೆಗಳಿಗೆ ಇದನ್ನು ಅಣುಶಕ್ತಿ ಇಲಾಖೆಯ ‘ಬ್ರಿಟ್’ ಸಂಸ್ಥೆ ಒದಗಿಸುತ್ತದೆ. ನ್ಯೂಕ್ಲಿಯರ್ ಮೆಡಿಸಿನ್ ವಿಭಾಗವಿರುವ ಆಸ್ಪತ್ರೆಗಳಲ್ಲಿ ಮಾತ್ರ ಕೊಡಬಹುದಾದ್ದರಿಂದ ಸಣ್ಣ ಊರಿನವರು ದೊಡ್ಡ ನಗರಕ್ಕೆ ಹೋಗಲೇಬೇಕು. ಆದರೆ ಚಿಕಿತ್ಸೆ ಎಂದರೆ ಒಂದು ಕ್ಯಾಪ್ಸೂಲ್ ಅಥವಾ ಒಂದು ಗುಟುಕು ದ್ರವ, ಅಷ್ಟೆ. ನೋವಿಲ್ಲ, ಗಾಯವಿಲ್ಲ.

ಪರಿಣಾಮ ಕಾಣಲು ಎರಡರಿಂದ ಆರು ತಿಂಗಳು ಬೇಕು. ಗ್ರೇವ್ಸ್ ರೋಗಿಗಳಲ್ಲಿ ಹೆಚ್ಚಿನವರಿಗೆ ಒಂದೇ ಡೋಸ್ ಸಾಕಾಗುತ್ತದೆ, ಕೆಲವರಿಗೆ ಎರಡನೆಯದು ಬೇಕಾಗುತ್ತದೆ. ಆ ಬಳಿಕ ಬಹುತೇಕರಲ್ಲಿ ಥೈರಾಯ್ಡ್ ಕಡಿಮೆಯಾಗುತ್ತದೆ. ಗ್ರೇವ್ಸ್ ಕಾಯಿಲೆಯಲ್ಲಿ ಇದು ಎಡವಟ್ಟಲ್ಲ. ಕಾಯಿಲೆ ಮರಳದಿರಲೆಂದು ವೈದ್ಯರು ಬೇಕೆಂದೇ ತಲುಪಿಸುವ ಸ್ಥಿತಿ. ಇದನ್ನು ಮೊದಲೇ ಬಿಡಿಸಿ ಹೇಳದಿರುವುದರಿಂದಲೇ ‘ಚಿಕಿತ್ಸೆ ಕೆಟ್ಟಿತು’ ಎಂಬ ದೂರು ಹುಟ್ಟುತ್ತದೆ. ಒಂಟಿ ಗಂಟಿನ ಕಾಯಿಲೆಯಲ್ಲಿ ಮಾತ್ರ ಅಯೋಡಿನ್ ಹೆಚ್ಚಾಗಿ ಗಂಟಿಗೇ ಸೇರುವುದರಿಂದ ಉಳಿದ ಗ್ರಂಥಿ ಬಚಾವಾಗುವ ಅವಕಾಶ ಹೆಚ್ಚು.

ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ಈ ಚಿಕಿತ್ಸೆ ಸಂಪೂರ್ಣ ನಿಷಿದ್ಧ. ಹತ್ತು ಹನ್ನೆರಡು ವಾರಗಳ ಭ್ರೂಣದ ಥೈರಾಯ್ಡ್ ಕೂಡ ಅಯೋಡಿನ್ ಹೀರುತ್ತದೆ, ನಾಶವಾಗುತ್ತದೆ. ಹಾಗಾಗಿ ಕೊಡುವ ಮುನ್ನ ಗರ್ಭಪರೀಕ್ಷೆ ಕಡ್ಡಾಯ, ನಂತರ ಆರು ತಿಂಗಳು ಗರ್ಭ ಧರಿಸಬಾರದು. ಮೊದಲ ಕೆಲವು ದಿನ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಾರದು, ಗರ್ಭಿಣಿಯರಿಂದ ದೂರವಿರಬೇಕು, ಬೇರೆ ಹಾಸಿಗೆಯಲ್ಲಿ ಮಲಗಬೇಕು. ಒಂದೇ ಕೋಣೆಯ ಮನೆಯಲ್ಲಿ, ಎಳೆಗೂಸಿರುವ ಸಂಸಾರದಲ್ಲಿ ಈ ನಿಯಮಗಳನ್ನು ಪಾಲಿಸುವುದು ಸುಲಭವಲ್ಲ. ವೈದ್ಯರು ಕೇಳದಿದ್ದರೂ ಮನೆಯ ಪರಿಸ್ಥಿತಿಯನ್ನು ಮುಂಚೆಯೇ ವಿವರಿಸುವುದು ಒಳ್ಳೆಯದು. ಕ್ಯಾನ್ಸರಿನ ಭಯದ ಬಗ್ಗೆ ಹೇಳುವುದಾದರೆ, ಎಂಬತ್ತು ವರ್ಷಗಳ ಬಳಕೆಯಲ್ಲಿ ದೊಡ್ಡ ಮಟ್ಟದ ಏರಿಕೆ ಕಂಡಿಲ್ಲ. ಡೋಸ್ ಹೆಚ್ಚಿದಂತೆ ಕೆಲವು ಕ್ಯಾನ್ಸರುಗಳ ಅಪಾಯ ಸ್ವಲ್ಪ ಹೆಚ್ಚಬಹುದೆಂದು 2019ರಲ್ಲಿ ಅಮೆರಿಕದ ವಿಶ್ಲೇಷಣೆಯೊಂದು ಸೂಚಿಸಿತು, ಅದರ ಬಗ್ಗೆ ತಜ್ಞರಲ್ಲಿ ವಾದವಿದೆ. ಅದೇ ವರ್ಷ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ, ಮಾತ್ರೆಯಿಂದ ಶಮನವಾಗುವ ಸಾಧ್ಯತೆ ಕಡಿಮೆ ಇರುವ ಗ್ರೇವ್ಸ್ ರೋಗಿಗಳಿಗೆ ವಿಕಿರಣಶೀಲ ಅಯೋಡಿನ್ನನ್ನೇ ಮೊದಲ ಆಯ್ಕೆಯಾಗಿ ಶಿಫಾರಸು ಮಾಡಿತು.

ಅಯೋಡಿನ್ನಿನ ನಿಜವಾದ ತೊಡಕು ಕಣ್ಣಿನದು. ಗ್ರೇವ್ಸ್ ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕಣ್ಣಿನ ಹಿಂದಿನ ಅಂಗಾಂಶ ಊದಿಕೊಂಡು ಕಣ್ಣು ಉಬ್ಬುತ್ತದೆ, ಉರಿಯುತ್ತದೆ, ಕೆಲವೊಮ್ಮೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಅಯೋಡಿನ್ ಕೊಟ್ಟ ಮೇಲೆ ಪ್ರತಿಕಾಯಗಳ ಪ್ರಮಾಣ ಹಲವು ತಿಂಗಳು ಏರಿಯೇ ಇರುವುದರಿಂದ ಈ ತೊಂದರೆ ಉಲ್ಬಣಿಸಬಹುದು. ಸೇದುವವರಲ್ಲಿ ಅದು ಇನ್ನೂ ಹೆಚ್ಚು. ಸೌಮ್ಯ ತೊಂದರೆಯಿದ್ದರೆ ಸ್ಟೀರಾಯ್ಡ್ ರಕ್ಷಣೆಯೊಂದಿಗೆ ಕೊಡಬಹುದು. ಕಣ್ಣಿನ ಕಾಯಿಲೆ ಸಕ್ರಿಯವಾಗಿ, ತೀವ್ರವಾಗಿದ್ದರೆ ಅಯೋಡಿನ್ ಬಿಟ್ಟು ಮಾತ್ರೆ ಅಥವಾ ಶಸ್ತ್ರಚಿಕಿತ್ಸೆಯತ್ತ ಹೋಗುವುದೇ ಕ್ಷೇಮ. ಈ ರೋಗಿಗಳು ತಮ್ಮ ಕಣ್ಣಿಗಾಗಿ ತಾವೇ ಮಾಡಬಹುದಾದ ಅತಿ ಮುಖ್ಯ ಕೆಲಸ ಬೀಡಿ, ಸಿಗರೇಟು ಬಿಡುವುದು.

ಶಸ್ತ್ರಚಿಕಿತ್ಸೆಯನ್ನು ಸುರಕ್ಷಿತವಾಗಿಸಿದವರು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಥಿಯೊಡೋರ್ ಕೊಖರ್. ಸಾವಿರಾರು ಥೈರಾಯ್ಡ್ ಶಸ್ತ್ರಚಿಕಿತ್ಸೆ ನಡೆಸಿ ಸಾವಿನ ಪ್ರಮಾಣವನ್ನು ಶೇ 1ಕ್ಕಿಂತ ಕೆಳಗಿಳಿಸಿದ ಅವರಿಗೆ 1909ರ ನೊಬೆಲ್ ಪ್ರಶಸ್ತಿ ಬಂತು. ಇಡೀ ಗ್ರಂಥಿ ತೆಗೆಸಿಕೊಂಡವರು ಮಂಕಾಗಿ, ಊದಿಕೊಂಡು, ಬುದ್ಧಿ ಜಡವಾಗುವುದನ್ನು 1883ರಲ್ಲಿ ಲೋಕಕ್ಕೆ ತಿಳಿಸಿದವರೂ ಅವರೇ. ಆಗ ಬದಲಿ ಹಾರ್ಮೋನ್ ಇರಲಿಲ್ಲ. ಈಗ ಅದು ಇರುವುದರಿಂದ ಗ್ರೇವ್ಸ್ ಕಾಯಿಲೆಗೆ ಗ್ರಂಥಿಯನ್ನು ಪೂರ್ತಿಯಾಗಿ ತೆಗೆಯುವುದೇ ರೂಢಿ. ಕಾಯಿಲೆ ಮರಳುವ ಪ್ರಶ್ನೆ ಬಹುಮಟ್ಟಿಗೆ ಅಲ್ಲಿಗೆ ಮುಗಿಯುತ್ತದೆ. ಉಸಿರಿಗೆ, ನುಂಗಲಿಗೆ ಅಡ್ಡಬರುವ ದೊಡ್ಡ ಗಳಗಂಡ, ಕ್ಯಾನ್ಸರಿನ ಶಂಕೆಯಿರುವ ಗಂಟು, ತೀವ್ರ ಕಣ್ಣಿನ ತೊಂದರೆ, ಮಾತ್ರೆ ಒಗ್ಗದ ಗರ್ಭಿಣಿ, ಬೇಗ ಮಗು ಬೇಕೆನ್ನುವ ಮಹಿಳೆ: ಇವರಿಗೆಲ್ಲ ಇದು ಒಳ್ಳೆಯ ಆಯ್ಕೆ. ಶಸ್ತ್ರಚಿಕಿತ್ಸೆಗೆ ಮುಂಚೆ ಮಾತ್ರೆಯಿಂದ ಹಾರ್ಮೋನನ್ನು ಸಹಜ ಮಟ್ಟಕ್ಕೆ ತಂದು, ಗ್ರೇವ್ಸ್ ಇದ್ದರೆ ಸುಮಾರು ಹತ್ತು ದಿನ ಅಯೋಡಿನ್ ದ್ರಾವಣದ ಹನಿಗಳನ್ನು ಕೊಟ್ಟು ಗ್ರಂಥಿಯ ರಕ್ತಸಂಚಾರವನ್ನು ತಗ್ಗಿಸುತ್ತಾರೆ.

ಶಸ್ತ್ರಚಿಕಿತ್ಸೆಯ ಅಪಾಯ ಗ್ರಂಥಿಗಿಂತ ಅದರ ನೆರೆಹೊರೆಯಲ್ಲಿದೆ. ಗ್ರಂಥಿಯ ಬೆನ್ನಿಗೇ ಧ್ವನಿಯ ನರಗಳು ಹಾದುಹೋಗುತ್ತವೆ, ಕ್ಯಾಲ್ಸಿಯಂ ನಿಯಂತ್ರಿಸುವ ನಾಲ್ಕು ಪ್ಯಾರಾಥೈರಾಯ್ಡ್‌ಗಳು ಅಂಟಿಕೊಂಡಿರುತ್ತವೆ. ನುರಿತ ಕೈಯಲ್ಲಿ ಶಾಶ್ವತ ಧ್ವನಿಭಂಗವಾಗಲಿ ಶಾಶ್ವತ ಕ್ಯಾಲ್ಸಿಯಂ ಕೊರತೆಯಾಗಲಿ ನೂರಕ್ಕೆ ಒಂದೆರಡು; ಪಳಗದ ಕೈಯಲ್ಲಿ ಇದು ಹಲವು ಪಟ್ಟು. ವರ್ಷಕ್ಕೆ 25ಕ್ಕಿಂತ ಹೆಚ್ಚು ಥೈರಾಯ್ಡ್ ಶಸ್ತ್ರಚಿಕಿತ್ಸೆ ಮಾಡುವವರ ಬಳಿ ತೊಡಕುಗಳು ಕಡಿಮೆ ಎಂದು ಅಮೆರಿಕದ ಅಧ್ಯಯನವೊಂದು 2017ರಲ್ಲಿ ತೋರಿಸಿತು. ಹಾಗಾಗಿ ‘ಡಾಕ್ಟರೇ, ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಮಾಡುತ್ತೀರಿ?’ ಎಂದು ಕೇಳುವುದು ಅವಿನಯವಲ್ಲ. ಹಾಡುಗಾರರು, ಶಿಕ್ಷಕರು, ಹರಿಕಥೆ-ಯಕ್ಷಗಾನದವರು ಅದನ್ನು ಕೇಳದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲೇಬಾರದು.

ಅಯೋಡಿನ್ ಮತ್ತು ಶಸ್ತ್ರಚಿಕಿತ್ಸೆ ಎರಡನ್ನೂ ಜನ ಹಿಂಜರಿದು ನೋಡುವುದಕ್ಕೆ ಒಂದೇ ಕಾರಣ: ಜೀವನಪೂರ್ತಿ ಬದಲಿ ಹಾರ್ಮೋನಿನ ಮಾತ್ರೆ ನುಂಗಬೇಕಲ್ಲ ಎಂಬ ಅಳುಕು. ಈ ಅಳುಕು ಅರ್ಥವಾಗುವಂಥದ್ದೇ, ಆದರೆ ಅದಕ್ಕೆ ಕೊಡುವ ತೂಕ ಹೆಚ್ಚಾಯಿತು. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಜಾರ್ಜ್ ಮರ್ರೆ 1891ರಲ್ಲಿ ಥೈರಾಯ್ಡ್ ಬತ್ತಿದ್ದ ಹೆಂಗಸೊಬ್ಬರಿಗೆ ಕುರಿಯ ಥೈರಾಯ್ಡಿನ ಸತ್ವ ಚುಚ್ಚಿದಾಗ, ಆಕೆ ಮುಂದೆ 28 ವರ್ಷ ಬದುಕಿದರು. ಇಂದಿನ ಲೆವೊಥೈರಾಕ್ಸಿನ್ ಗ್ರಂಥಿ ತಯಾರಿಸುವ ಟಿ4ರದೇ ಪ್ರತಿರೂಪ. ಅಗ್ಗ, ಎಲ್ಲ ಔಷಧದಂಗಡಿಗಳಲ್ಲೂ ಸಿಗುತ್ತದೆ, ಪ್ರಮಾಣ ಸರಿಯಿದ್ದರೆ ಅಡ್ಡಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಕಾಫಿ-ತಿಂಡಿಗೆ ಅರ್ಧದಿಂದ ಒಂದು ಗಂಟೆ ಮುಂಚೆ ನೀರಿನಲ್ಲಿ ನುಂಗಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಬೇಕು. ಇಷ್ಟಾದರೂ ಕೆಲವರಿಗೆ ಅಂಕಿ ಸರಿಯಿದ್ದೂ ಮೈ ಮೊದಲಿನಂತಿಲ್ಲ ಎನಿಸುವುದುಂಟು, ಆ ದೂರನ್ನು ವೈದ್ಯರು ತಳ್ಳಿಹಾಕಬಾರದು. ಸ್ವೀಡನ್ನಿನಲ್ಲಿ ಮೂರೂ ಚಿಕಿತ್ಸೆಗಳನ್ನು ಹೋಲಿಸಿ 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಲ್ಲ ಗುಂಪುಗಳಲ್ಲೂ ಬಹುಪಾಲು ರೋಗಿಗಳು ತಮಗೆ ಸಿಕ್ಕ ಚಿಕಿತ್ಸೆಯ ಬಗ್ಗೆ ಸಮಾಧಾನ ಹೇಳಿದ್ದರು. ಅದೇ ದೇಶದ 2019ರ ಇನ್ನೊಂದು ಅಧ್ಯಯನದಲ್ಲಿ, ಆರರಿಂದ ಹತ್ತು ವರ್ಷಗಳ ನಂತರ ಅಯೋಡಿನ್ ಪಡೆದವರ ಜೀವನಗುಣಮಟ್ಟ ಉಳಿದವರಿಗಿಂತ ಸ್ವಲ್ಪ ಹಿಂದಿತ್ತು.

ಮಗು ಬಯಸುವ ಮಹಿಳೆಯರಲ್ಲಿ ಈ ಆಯ್ಕೆ ಹೆಚ್ಚು ಸೂಕ್ಷ್ಮ. ಕಾರ್ಬಿಮಜೋಲ್ ಗರ್ಭದ ಮೊದಲ ವಾರಗಳಲ್ಲಿ ಭ್ರೂಣದ ನೆತ್ತಿಯ ಚರ್ಮ, ಮೂಗಿನ ಹಾದಿ ಮುಂತಾದವುಗಳ ಬೆಳವಣಿಗೆಯನ್ನು ಕೆಡಿಸುವ ಅಪಾಯವಿದೆ, ಅದಕ್ಕಾಗಿ ಮೊದಲ ಮೂರು ತಿಂಗಳು ಪಿಟಿಯುಗೆ ಬದಲಿಸುತ್ತಾರೆ. ಮುಟ್ಟು ನಿಂತ ದಿನವೇ ಪರೀಕ್ಷೆ ಮಾಡಿಕೊಂಡು ವೈದ್ಯರನ್ನು ಕಾಣುವುದು ಇಲ್ಲಿ ಬಹಳ ಮುಖ್ಯ. ಗಾಬರಿಗೊಂಡು ತಾವಾಗಿಯೇ ಎಲ್ಲ ಮಾತ್ರೆ ನಿಲ್ಲಿಸಿದರೆ ಗರ್ಭಪಾತ, ಅಕಾಲ ಹೆರಿಗೆಯ ಅಪಾಯ ಹೆಚ್ಚುತ್ತದೆ. ಹಿಂದೆ ಅಯೋಡಿನ್ ಪಡೆದವರು, ಗ್ರಂಥಿ ತೆಗೆಸಿದವರು ಕೂಡ ಹಳೆಯ ವಿಷಯವೆಂದು ಮರೆಯುವಂತಿಲ್ಲ. ಗ್ರಂಥಿ ಇಲ್ಲದಿದ್ದರೂ ತಾಯಿಯ ರಕ್ತದ ಪ್ರತಿಕಾಯಗಳು ಉಳಿದಿದ್ದರೆ, ಮಾಸು ದಾಟಿ ಮಗುವಿನ ಥೈರಾಯ್ಡನ್ನು ಕೆರಳಿಸಬಲ್ಲವು. ಪ್ರಸೂತಿ ತಜ್ಞರಿಗೆ ಈ ಇತಿಹಾಸ ಮೊದಲ ಭೇಟಿಯಲ್ಲೇ ತಿಳಿಯಬೇಕು. ಶಸ್ತ್ರಚಿಕಿತ್ಸೆಯ ನಂತರ ಪ್ರತಿಕಾಯ ಬೇಗ ಇಳಿಯುತ್ತದೆ, ಅಯೋಡಿನ್ ನಂತರ ನಿಧಾನ. ಬೇಗ ಮಗು ಬೇಕೆನ್ನುವವರಿಗೆ ಶಸ್ತ್ರಚಿಕಿತ್ಸೆಯನ್ನು ಸೂಚಿಸಲು ಇದೂ ಒಂದು ಕಾರಣ. ವಯಸ್ಸಾದವರಲ್ಲಿ, ಹೃದಯದ ತಾಳ ತಪ್ಪಿದವರಲ್ಲಿ ಲೆಕ್ಕ ಬೇರೆ. ಕಾಯಿಲೆ ಮತ್ತೆ ಮರಳಿದರೆ ಅವರ ಹೃದಯ ತಡೆಯುವುದಿಲ್ಲ, ಹಾಗಾಗಿ ಅವರಿಗೆ ಅಯೋಡಿನ್‌ನಂಥ ಖಾಯಂ ಪರಿಹಾರವೇ ಮೇಲು.

ಅಯೋಡಿನ್ ಉಪ್ಪು ಬಿಟ್ಟರೆ ಕಾಯಿಲೆ ವಾಸಿಯಾಗುತ್ತದೆ, ಎಲೆಕೋಸು ತಿಂದರೆ ಸಾಕು ಎಂಬ ಮಾತುಗಳಿಗೆ ಆಧಾರವಿಲ್ಲ. ಪಥ್ಯದ ಹೆಸರಲ್ಲಿ ಚಿಕಿತ್ಸೆ ಮುಂದೂಡಿದವರಲ್ಲಿ ಹೃದಯ ಸೋಲುತ್ತದೆ, ಮೂಳೆ ಟೊಳ್ಳಾಗುತ್ತದೆ. ಸೋಂಕಿನಿಂದಲೋ ಮಾತ್ರೆಯನ್ನು ತಟ್ಟನೆ ಬಿಟ್ಟದ್ದರಿಂದಲೋ ಬರುವ ‘ಥೈರಾಯ್ಡ್ ಸ್ಟಾರ್ಮ್’ನಲ್ಲಿ ಜ್ವರ, ಚಿತ್ತಭ್ರಮೆ, ವಿಪರೀತ ಎದೆಬಡಿತ ಕಾಣಿಸುತ್ತವೆ. ತೀವ್ರ ನಿಗಾ ಘಟಕದ ಆರೈಕೆ ಸಿಕ್ಕರೂ ಅದರಲ್ಲಿ ಹತ್ತರಲ್ಲಿ ಒಬ್ಬರಷ್ಟು ಸಾಯುತ್ತಾರೆ. ಮೈ ಚೆನ್ನಾಗಿದೆ ಅನ್ನಿಸಿದ ತಿಂಗಳಲ್ಲೇ ಮಾತ್ರೆ ಬಿಟ್ಟವರು ಮೂರು ದಾರಿಗಳಲ್ಲಿ ಯಾವುದನ್ನೂ ಹಿಡಿಯದವರಷ್ಟೇ ಅಪಾಯದಲ್ಲಿರುತ್ತಾರೆ. ವೈದ್ಯರ ಸಲಹೆಯಂತೆ ಔಷಧ ಮುಗಿಸಿದವರಿಗೂ ಕಾಯಿಲೆ ಮರಳುವುದಿದ್ದರೆ ಹೆಚ್ಚಾಗಿ ಮೊದಲ ವರ್ಷದಲ್ಲೇ ಮರಳುತ್ತದೆ. ಆದ್ದರಿಂದ ನಿಲ್ಲಿಸಿದ ಮೊದಲ ಆರು ತಿಂಗಳು ಎರಡು ಮೂರು ತಿಂಗಳಿಗೊಮ್ಮೆ, ಮುಂದೆ ಸ್ವಲ್ಪ ದೀರ್ಘ ಅಂತರದಲ್ಲಿ, ಆ ನಂತರ ಬದುಕಿರುವವರೆಗೂ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು.